ತೀನ್‌ತಾಲದಲ್ಲಿ ಅಳೆದ ಕಂಪ್ಯೂಟರು

ನಾನು ಪುಸ್ತಕಗಳ ಕರಡು ತಿದ್ದುತ್ತೇನೆ, ಅದೂ ಕಿವಿಯಿಂದ. ಹೀಗೆಂದ ಕೂಡಲೇ ಎದುರಿಗಿದ್ದವರು ಒಂದು ಗಳಿಗೆ ಸುಮ್ಮನಾಗುತ್ತಾರೆ. ಅವರು ಎಷ್ಟು ಹೊತ್ತು ಸುಮ್ಮನಿರುತ್ತಾರೆ ಎನ್ನುವುದರಿಂದಲೇ ಎಂಥವರೆಂದು ನನಗೆ ತಿಳಿದುಹೋಗುತ್ತದೆ. ಕೆಲವರು "ಅಯ್ಯೋ ಪಾಪ" ಅನ್ನುತ್ತಾರೆ. ಅಂಥವರಿಗೆ ನಾನು ಎರಡನೇ ಸಲ ಚಹಾ ಕೊಡುವುದಿಲ್ಲ.

ನಲವತ್ತು ದಾಟಿದ ಮೇಲೆ ನನ್ನ ಕಣ್ಣು ಅಂಚಿನಿಂದ ನಡುವಿಗೆ ಮಬ್ಬಾಗುತ್ತ ಬಂದು, ಈಗ ಕಿಟಕಿ ಯಾವ ಕಡೆ ಇದೆ ಎಂದು ತಿಳಿಯುವಷ್ಟು ಬೆಳಕು ಮಾತ್ರ ಉಳಿದಿದೆ. ಅಳುವಷ್ಟು ಅತ್ತಾಯಿತು, ಅದನ್ನು ಮತ್ತೆ ಕೆದಕುವುದಿಲ್ಲ. ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ನಮ್ಮ ಮನೆಗೆ ಹಳೆಯದೊಂದು ಅಗ್ಗದ ಕಂಪ್ಯೂಟರನ್ನು ಆರಿಸಿ ತಂದದ್ದನ್ನಷ್ಟೇ ಬರೆಯಬೇಕೆಂದು ಕೂತಿದ್ದೇನೆ. ಎರಡರಲ್ಲಿ ಒಂದನ್ನು ಆರಿಸಬೇಕಿತ್ತು. ನಾವು ತಪ್ಪಾದದ್ದನ್ನೇ ಆರಿಸಿದೆವು, ಅದೂ ಶಾಸ್ತ್ರೋಕ್ತವಾಗಿ.

ನನ್ನ ಯಜಮಾನರು ರೈಲ್ವೆ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮೂಲ ಧಾರವಾಡ. ಧಾರವಾಡದವರೆಂದ ಮೇಲೆ ಮನೆಯಲ್ಲಿ ಹಾರ್ಮೋನಿಯಂ ಪೇಟಿಯಾದರೂ ಇರಬೇಕು, ತಬಲಾ ಆದರೂ ಇರಬೇಕು. ಇವರದು ತಬಲಾ. ಕಚೇರಿಯಲ್ಲಿ ಫೈಲುಗಳ ಮೇಲೂ, ಮನೆಯಲ್ಲಿ ಊಟದ ತಾಟಿನ ಮೇಲೂ ಬೆರಳು ಆಡಿಸುತ್ತಲೇ ಬದುಕಿದ ಮನುಷ್ಯ.

ನನ್ನ ಕಣ್ಣು ಹೋದ ಮೇಲೆ ಕರಡನ್ನು ಇವರು ಓದುವುದು, ನಾನು ತಿದ್ದುಪಡಿ ಹೇಳುವುದು, ಇವರೇ ಬರೆಯುವುದು ಎಂದಾಯಿತು. ಈ ಓದು ಮೊಮ್ಮಕ್ಕಳಿಗೆ ಕಥೆ ಓದಿ ಹೇಳಿದಂತಲ್ಲ. ಅಲ್ಪವಿರಾಮ, ಪೂರ್ಣವಿರಾಮ, ಕೊಂಬು, ದೀರ್ಘ, ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ಕಿವಿಗೆ ಎರಡು 'ಶ'ಗಳೂ ಒಂದೇ. ಹಾಗಾಗಿ ಒಂದು ಬಂದರೆ 'ಶಂಖದ ಶ' ಎನ್ನುವರು, ಇನ್ನೊಂದು ಬಂದರೆ ಸಾಲಿಯ ಹುಡುಗರ ಹಾಗೆ 'ಹೊಟ್ಟೆ ಸೀಳಿದ ಷ' ಎನ್ನುವರು. 'ವಿಶೇಷ' ಎಂಬ ಶಬ್ದ ಬಂತೆಂದರೆ ಎರಡನ್ನೂ ಹೇಳಿ ಮುಗಿಸಿ ಒಂದು ಉಸಿರು ತೆಗೆದುಕೊಂಡು ಮುಂದಕ್ಕೆ ಹೋಗುತ್ತಿದ್ದರು. ಸಂಜೆಯ ಚಹಾ ಮುಗಿಸಿ ಕೂತರೆ ಊಟದ ಹೊತ್ತಿನವರೆಗೂ ಇದೇ. ಗಂಟಲು ಒಣಗಿದರೆ ಒಂದು ಲವಂಗ ಬಾಯಿಗೆ ಹಾಕಿಕೊಂಡು ಮತ್ತೆ ಶುರು. ವರ್ಷಗಟ್ಟಲೆ ಹೀಗೆ ನಡೆದಿದೆ, ಒಂದು ದಿನವೂ ಬೇಸರದ ಮಾತು ಆಡಿದವರಲ್ಲ. ಗಂಡ ಹೆಂಡತಿಯ ನಡುವೆ ಋಣದ ಮಾತು ಬರಬಾರದು ಅನ್ನುತ್ತಾರೆ. ನನಗೆ ಮಾತ್ರ ಬಂದೇ ಬರುತ್ತದೆ.

ಮನೆಯಲ್ಲಿ ಅಕ್ಷರ ಓದಿ ಹೇಳುವ ಕಂಪ್ಯೂಟರು ಇರಲಿಲ್ಲ ಎಂದಲ್ಲ. ಎಲ್ಲಿಯೋ ಕೂತು, ನನ್ನ ಹಾಗೆಯೇ ಕಣ್ಣಿಲ್ಲದ ಕೆಲವರು, ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದುವ ಸಾಫ್ಟ್‌ವೇರನ್ನು ಬರೆದು ಜಗತ್ತಿಗೆಲ್ಲ ಪುಕ್ಕಟೆ ಹಂಚಿದ್ದಾರೆ. ಅವರ ಮುಖ ನಾನು ನೋಡಿಲ್ಲ, ಅವರು ನನ್ನದನ್ನು ನೋಡುವ ಮಾತೇ ಇಲ್ಲ. ಅವರ ಹೊಟ್ಟೆ ತಣ್ಣಗಿರಲಿ. ಅದರ ಕನ್ನಡ ನೆಗಡಿ ಹಿಡಿದವರ ಕನ್ನಡದಂತಿದೆ, ಆದರೂ ಓದುತ್ತದೆ. ಬಾಣದ ಕೀಲಿ ಒಂದೊಂದೇ ಸಲ ಒತ್ತುತ್ತ ಹೋದರೆ ಒಂದೊಂದೇ ಅಕ್ಷರ ಹೇಳುತ್ತದೆ. ನಮ್ಮವರು ಅದಕ್ಕೂ 'ಹೊಟ್ಟೆ ಸೀಳಿದ ಷ' ಎಂದು ಹೇಳಿಕೊಟ್ಟಿದ್ದರು. ತೊಂದರೆ ಇದ್ದದ್ದು ನಮ್ಮ ಮನೆಯ ಕಂಪ್ಯೂಟರಿನ ಮುಪ್ಪಿನಲ್ಲಿ. ಕೀಲಿ ಒತ್ತಿ, ಬಾವಿಗೆ ಕೊಡ ಬಿಟ್ಟು ಸದ್ದಿಗೆ ಕಾದಂತೆ ಕಾಯಬೇಕಿತ್ತು. ಒಂದು ಅಕ್ಷರಕ್ಕೆ ಕಾಯಬಹುದು, ಒಂದು ಪುಸ್ತಕಕ್ಕೆ ಕಾಯಲಾಗುವುದಿಲ್ಲ. ಹಾಗಾಗಿ ಇವರೇ ನನ್ನ ಯಂತ್ರವಾಗಿದ್ದರು.

ಇವರ ಗೆಳೆಯರೊಬ್ಬರು ಬೆಂಗೇರಿಯಲ್ಲಿದ್ದಾರೆ, ಪೇಟಿ ಬಾರಿಸುವವರು. ಅವರ ಮನೆಯಲ್ಲಿ ಗುರುವಾರ ಸಂಜೆ ನಾಲ್ಕಾರು ಮಂದಿ ಸೇರಿ ಹಾಡುವುದು ಹಳೆಯ ರೂಢಿ. ನನಗೆ ಓದಿ ಹೇಳುವ ಕೆಲಸ ಶುರುವಾದಾಗಿನಿಂದ ಇವರು ಅಲ್ಲಿಗೆ ಹೋಗುವುದನ್ನು ಬಿಟ್ಟಿದ್ದರು. ಕಳೆದ ವರ್ಷ ಒಂದು ಮಧ್ಯಾಹ್ನ ಆ ಗೆಳೆಯರು ಮನೆಗೆ ಬಂದರು. ನಾನು ಅಡುಗೆಮನೆಯಲ್ಲಿ ಚುರಮುರಿಗೆ ಒಗ್ಗರಣೆ ಹಾಕುತ್ತಿದ್ದೆ. ಕಣ್ಣಿಲ್ಲದವರಿಗೆ ಕಿವಿಯೂ ಮಂದ ಎಂದು ಕೆಲವರು ತಿಳಿದಿರುತ್ತಾರೆ, ಅವರೂ ಹಾಗೆ ತಿಳಿದಿದ್ದರೋ ಏನೋ.

"ತಬಲಾದಂವಾ ಬೆಳಗಾವಿಗೆ ವರ್ಗ ಆಗಿ ಹೋದನೋ. ಬರೇ ಪೇಟಿ ಒಂದ ಕೂತು ಅಳಾಕತ್ತದ. ಗುರುವಾರ ಒಂದ ದಿನಾ ಬಾ."

"ಆಗಂಗಿಲ್ಲೋ. ಸಂಜೀಕ ಇಕೀದು ಓದೋದಿರ್ತದ."

"ವಾರದಾಗ ಒಂದ ದಿನಾ ಓದಲಿಲ್ಲಂದ್ರ ಏನಾಗ್ತದ?"

"ಒಂದ ದಿನಾ ಬಿಟ್ರ ಪುಸ್ತಕ ಹಿಂದ ಬೀಳ್ತದ. ಪುಸ್ತಕ ಹಿಂದ ಬಿದ್ರ ಕೆಲಸಾ ಹೋಗ್ತದ. ಕೆಲಸಾ ಹೋತಂದ್ರ ಆಕಿ ಆಕಿಯಾಗಿ ಉಳಿಯಂಗಿಲ್ಲ."

ಒಗ್ಗರಣೆಯ ಸಾಸಿವೆ ಕರಕಲಾಯಿತು. ಇಷ್ಟು ವರ್ಷ ಕೆಲಸ ನನ್ನದು ಎಂದುಕೊಂಡಿದ್ದೆ. ಅದರ ಅರ್ಧ ಇವರ ಗುರುವಾರಗಳಿಂದ ಕಟ್ಟಿದ್ದು ಎಂದು ಆವತ್ತು ತಿಳಿಯಿತು. ಸೆರಗಿನಿಂದ ಮುಖ ಒರೆಸಿಕೊಂಡೆ, ಹೊಗೆ ಎಂದು ಹೇಳಿದೆ, ಇಬ್ಬರಿಗೂ ಕರಕಲು ಚುರಮುರಿ ಕೊಟ್ಟೆ. ಪಾಪ, ಇಬ್ಬರೂ ಛಲೋ ಆಗೇದ ಎಂದು ತಿಂದರು. ಆ ಸಂಜೆಯೇ ನಿಶ್ಚಯ ಮಾಡಿದೆ. ಓದುವುದನ್ನು ಯಂತ್ರಕ್ಕೆ ಒಪ್ಪಿಸಬೇಕು, ಇವರ ಗುರುವಾರ ಇವರಿಗೆ ತಿರುಗಿ ಸಿಗಬೇಕು, ಮತ್ತು ನನ್ನ ಕೆಲಸ ನನ್ನ ಕೈಯಲ್ಲೇ ಉಳಿಯಬೇಕು.

ಹೊಸ ಕಂಪ್ಯೂಟರಿನ ಬೆಲೆ ಕೇಳಿದರೆ ನಮ್ಮಂಥವರಿಗೆ ಹೊಸ ಎಂಬ ಶಬ್ದದ ಮೇಲೇ ಬೇಸರ ಬರುತ್ತದೆ. ಹುಬ್ಬಳ್ಳಿ ಪೇಟೆಯಲ್ಲಿ ನಮಗೆ ಗೊತ್ತಿರುವ ಒಂದು ಅಂಗಡಿಯಿದೆ. ಅಂಗಡಿಯ ಭಾಯಿ ಮೊದಲು ರೇಡಿಯೋ, ಟೇಪು ರಿಪೇರಿ ಮಾಡುತ್ತಿದ್ದರು, ಈಗ ಹಳೆಯ ಕಂಪ್ಯೂಟರುಗಳನ್ನು ಒರೆಸಿ, ಸರಿಮಾಡಿ ಮಾರುತ್ತಾರೆ. ನಾನು ಕೆಲವು ವರ್ಷ ಸಾಲಿಯಲ್ಲಿ ಕನ್ನಡ ಕಲಿಸಿದ್ದರಿಂದ ಅವರಿಗೆ ಅಕ್ಕಾರ, ಇವರು ಸರ.

"ಎರಡು ಮಷೀನ್ ಅದಾವ್ರಿ ಅಕ್ಕಾರ," ಎಂದು ಫೋನಿನಲ್ಲಿ ಹೇಳಿದರು. "ಎರಡೂ ಒಂದ ಆಫೀಸಿಂದು. ಮೆಮೊರಿ ಅಷ್ಟ, ಡಿಸ್ಕ್ ಅಷ್ಟ. ಪ್ರೊಸೆಸರ್ ಬ್ಯಾರೆ. ಒಂದರಾಗ ಎರಡು ಕೋರ್ ಐತ್ರಿ, ಒಂದರಾಗ ನಾಲ್ಕು. ಕೋರ್ ಅಂದ್ರ ಲೆಕ್ಕಾ ಮಾಡೋ ಕೈ ಇದ್ದಂಗ್ರಿ. ನಾಲ್ಕರದು ಎರಡು ವರ್ಷ ಈಚಿಂದು. ರೇಟೂ ಹೆಚ್ಚು ಕಡಿಮಿ ಅಷ್ಟ."

ಪ್ರೊಸೆಸರುಗಳ ಹೆಸರು ಕೇಳಿದೆ. ಹೇಳಿದರು. ಬಸ್ಸಿನ ಚಾಸಿ ನಂಬರಿನಂಥ ಹೆಸರುಗಳು. ಅವನ್ನು ಇಲ್ಲಿ ಬರೆದು ಓದುವವರ ತಲೆ ತಿನ್ನುವುದಿಲ್ಲ. ನಾವಿಬ್ಬರೂ ಮನೆಯಲ್ಲಿ ಅವನ್ನು 'ಎರಡರದು', 'ನಾಲ್ಕರದು' ಎಂದೇ ಕರೆದೆವು.

ಫೋನಿನ ಇಂಟರ್ನೆಟ್ಟಿನಲ್ಲಿ ಎರಡನ್ನೂ ಹೋಲಿಸಿದ ಪುಟಗಳು ಬೇಕಾದಷ್ಟಿದ್ದವು. ಕಣ್ಣಿದ್ದವರು ಅಂಥ ಕೋಷ್ಟಕವನ್ನು ಒಂದು ನೋಟದಲ್ಲಿ ನೋಡಿ ಮುಗಿಸುತ್ತಾರೆ. ನನಗೆ ಅದು "ಸಾಲು ಎರಡು, ಕಾಲಂ ಮೂರು" ಎಂದು ಶುರುವಾಗಿ, ಮಗ್ಗಿ ಮರೆತ ಹುಡುಗನ ಹಾಗೆ ಅಂಕಿಗಳನ್ನು ಒದರುತ್ತ ಹೋಯಿತು. ಏಳನೇ ಸಾಲಿಗೆ ಬರುವಷ್ಟರಲ್ಲಿ ಮೂರನೇ ಕಾಲಂ ಯಾರದೆಂದು ಮರೆತಿತ್ತು. ಒಟ್ಟು ಅಂಕಗಳಲ್ಲಿ ನಾಲ್ಕರದು ಮುಂದು. ಇನ್ನೊಂದು ಸಾಲಿನಲ್ಲಿ, ಒಂದೇ ಕೋರಿನ ಅಂಕ ಎನ್ನುವ ಕಡೆ, ಎರಡರದು ಮುಂದು. ಸಾಲಿಯ ಪರೀಕ್ಷೆಗಳ ರೂಢಿಯಂತೆ ನಾನು ಒಟ್ಟು ಅಂಕವನ್ನೇ ದೊಡ್ಡದೆಂದು ತಿಳಿದೆ. ಆದರೂ ಮನಸ್ಸು ಒಪ್ಪದೆ, "ನಾನ ಕೇಳಿ ನೋಡತೇನಿ" ಎಂದೆ.

ಅಂಗಡಿಗೆ ಹೋದೆವು. ಹೊರಗೆ ಆಟೋಗಳ ಗದ್ದಲ, ಪಕ್ಕದಲ್ಲಿ ಯಾರೋ ತಗಡು ಬಡಿಯುವ ಸದ್ದು. ಭಾಯಿ ಮೊದಲು ನಾಲ್ಕರದನ್ನು ಹಚ್ಚಿದರು. ಕೈಯಿಟ್ಟು ನೋಡಿದೆ, ತಣ್ಣಗಿತ್ತು. ಒಳಗೆ ಫ್ಯಾನೇ ಇಲ್ಲವಂತೆ, ಉಸಿರಿನಷ್ಟೂ ಸದ್ದಿಲ್ಲ. ಕಿವಿಯಿಂದ ದುಡಿಯುವವಳಿಗೆ ಇದಕ್ಕಿಂತ ದೊಡ್ಡ ಆಸೆ ಯಾವುದು? ನಾನು ಅದನ್ನು ಅಲ್ಲಿಯೇ ಮೆಚ್ಚಿಬಿಟ್ಟೆ. ವರ ನೋಡಲು ಹೋದಾಗ ಬಣ್ಣಕ್ಕೆ ಮರುಳಾಗಬೇಡಿ ಎಂದು ಎಲ್ಲರಿಗೂ ಹೇಳುವವಳು ನಾನು.

"ಕರೆಂಟೂ ಭಾಳ ಕಡಿಮಿ ತಿಂತೈತ್ರಿ," ಎಂದರು ಭಾಯಿ. "ಲೈಟ್ ಹೋದ್ರೂ ಯುಪಿಎಸ್ ಮ್ಯಾಲೆ ಆರಾಮ ನಡೀತೈತಿ. ನಾಲ್ಕು ಅಂದ್ರ ಎರಡಕ್ಕಿಂತ ಜಾಸ್ತಿ ಹೌದಲ್ರಿ."

"ಜಾಸ್ತಿ ಖರೇ," ಎಂದರು ನಮ್ಮವರು, "ಆದ್ರ ಮಾತು ಲಗೂ ಬರ್ತದೋ ಇಲ್ಲೋ ಅಳೀಬೇಕಲ್ಲ? ಅಳೀಲಿಕ್ಕೆ ನಾ ಇದ್ದೇನಿ."

ಇವರ ಅಳತೆಗೋಲು ಯಾವುದೆಂದು ಕೇಳಿರಿ. ತೀನ್‌ತಾಲ! ಟೇಬಲ್ಲಿನ ಮೇಲೆ ಹದಿನಾರು ಮಾತ್ರೆಯ ಠೇಕಾ ಶುರು ಮಾಡಿದರು, ಧಾ ಧಿನ್ ಧಿನ್ ಧಾ. ತಾಳ ಸುತ್ತಿ ಬಂದು ಮೊದಲ ಮಾತ್ರೆಗೆ, ಅಂದರೆ ಸಮ್ಮಿಗೆ, ಬೀಳುತ್ತಲೇ ನಾನು ಕೀಲಿ ಒತ್ತಬೇಕು. ಮಾತು ಯಾವ ಮಾತ್ರೆಯ ಮೇಲೆ ಬರುತ್ತದೆಂದು ಇವರು ಹಿಡಿಯುತ್ತಾರೆ. ಗಡಿಯಾರ, ಫೋನು ಎಲ್ಲ ಇದ್ದವು. ಅವು ನಮಗೆ ನೆನಪೇ ಆಗಲಿಲ್ಲ, ಮನೆತನದ ಗುಣ. ನಾನು ಒಂದು ದೊಡ್ಡ ಕರಡನ್ನು ಪೆನ್‌ಡ್ರೈವಿನಲ್ಲಿ ಒಯ್ದಿದ್ದೆ. ಅದನ್ನು ತೆರೆದು, ಸಮ್ಮಿಗೆ ಒತ್ತಿದೆ. ಮಾತು ಎರಡನೇ ಮಾತ್ರೆ ಬರುವ ಮೊದಲೇ ಬಂತು. ಮತ್ತೆ ಒತ್ತಿದೆ, ಮತ್ತೆ ಹಾಗೆಯೇ.

"ವಾಹ್!" ಎಂದರು ಇವರು. ಎಷ್ಟೋ ವರ್ಷಗಳ ಮೇಲೆ ನಾಲ್ಕು ಮಂದಿಯ ಎದುರು ಠೇಕಾ ಹಿಡಿದಿದ್ದರು. ಪಕ್ಕದ ಅಂಗಡಿಯವರೂ ಬಂದು ನಿಂತರು. ಅಂಗಡಿಯಲ್ಲಿ ಸ್ಪೀಕರು ಒಂದೇ ಇತ್ತು. ಅದನ್ನು ಬಿಚ್ಚಿ ಎರಡರದಕ್ಕೆ ಹಚ್ಚುವಷ್ಟರಲ್ಲಿ ಚಹಾ ಬಂತು, ಯಾವುದೋ ಹಳೆಯ ಮೆಹಫಿಲಿನ ಮಾತು ಬಂತು, ಇವರು ಚಹಾ ಕುಡಿಯುತ್ತಲೂ ಬೆರಳು ನಿಲ್ಲಿಸಲಿಲ್ಲ. ಆಮೇಲೆ ಎರಡರದನ್ನು ಹಚ್ಚಿದರೆ ಫ್ಯಾನು ಗುಂಯ್ ಎಂದಿತು, ನನ್ನ ಮನಸ್ಸು ಅಲ್ಲಿಯೇ ಮುರಿಯಿತು. ಠೇಕಾ ಸುತ್ತಿ ಬಂತು, ಸಮ್ಮಿಗೆ ಒತ್ತಿದೆ. ಮಾತು ಸರಿಯಾಗಿ ಎರಡನೇ ಮಾತ್ರೆಯ ಮೇಲೆ ಬಂತು.

"ನೋಡ್ರಿ, ಇದು ತಡಾ," ಎಂದು ತೀರ್ಪು ಕೊಟ್ಟರು. ಭಾಯಿ ಹೌದೆಂದರು, ಪಕ್ಕದ ಅಂಗಡಿಯವರು ಹೌದೆಂದರು. ಎಲ್ಲರಿಗಿಂತ ಮೊದಲು ನಾನೇ ಹೌದೆಂದಿದ್ದೆ. ಸದ್ದಿಲ್ಲದ, ತಣ್ಣನೆಯ, ನಾಲ್ಕು ಕೋರಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ವಿದ್ಯಾನಗರಕ್ಕೆ ಬಂದೆ.

ಮೊದಲ ಕೆಲವು ದಿನ ಚೆನ್ನಾಗಿತ್ತು. ಸಣ್ಣ ಸಣ್ಣ ಕಡತಗಳನ್ನು ಅದು ಹಳೆಯದಕ್ಕಿಂತ ಬೇಗನೆ ಓದಿತು. ಆಮೇಲೆ ಧಾರವಾಡದ ಪ್ರಕಾಶಕರು ಒಂದು ದಪ್ಪ ಪುಸ್ತಕ ಕಳಿಸಿದರು, ನಿವೃತ್ತ ಮಾಸ್ತರರೊಬ್ಬರ ಬಾಲ್ಯದ ನೆನಪುಗಳು. ಈ ಪುಸ್ತಕವನ್ನು ನಾನೇ ಪೂರ್ತಿ ನೋಡುತ್ತೇನೆಂದು ಹಟ ಹಿಡಿದೆ. ಇವರು, "ನೋಡು, ಬೇಕಾದ್ರ ಕರಿ," ಎಂದು ಪಕ್ಕದ ಕೋಣೆಯಲ್ಲಿ ಕೂತರು. ಗುರುವಾರ ಹೋಗಿರೆಂದರೆ, "ಒಂದ ಪುಸ್ತಕ ಆಗಲಿ, ಆಮ್ಯಾಲೆ ನೋಡೂಣು" ಎಂದರು.

ಕಡತ ದೊಡ್ಡದಾದಂತೆ ಯಂತ್ರ ಎಳೆಯತೊಡಗಿತು. ಕೀಲಿ ಒತ್ತುತ್ತೇನೆ, ಮಾತಿಲ್ಲ. ಮತ್ತೆ ಒತ್ತುತ್ತೇನೆ, ಆಗ ಹಿಂದಿನ ಅಕ್ಷರ ಹೇಳುತ್ತದೆ. ನಾನು ನಿಂತ ಅಕ್ಷರ ಒಂದು, ಅದು ಹೇಳುವ ಅಕ್ಷರ ಇನ್ನೊಂದು. ಸರಿ ಇದ್ದದ್ದನ್ನು ಅಳಿಸಿ ತಪ್ಪು ಮಾಡಿದೆ, ಅದನ್ನು ತಿದ್ದಲು ಹೋಗಿ ಪಕ್ಕದ್ದನ್ನು ಕೆಡಿಸಿದೆ. ಕೊನೆಗೆ ಅಕ್ಷರ ಅಕ್ಷರ ನಡೆಯುವುದನ್ನೇ ಬಿಟ್ಟು ಸಾಲು ಸಾಲಾಗಿ ಕೇಳಿ, ಕಿವಿಗೆ ಸರಿ ಅನಿಸಿದ್ದನ್ನು ಸರಿ ಎಂದು ದಾಟಿಸಿದೆ. ಯಂತ್ರದ ಮೇಲೆ ಸಂಶಯ ಬರಲಿಲ್ಲ. ಅಷ್ಟು ಮಂದಿ ಕೂಡಿ ತಾಳ ಹಾಕಿ ಅಳೆದು ತಂದದ್ದಲ್ಲವೇ? ಕಣ್ಣಿನ ಹಾಗೆ ಈಗ ಕಿವಿಯೂ ಹೊರಟಿತೇ ಎಂದು ಹೆದರಿದೆ. ಇವರಿಗೆ ಹೇಳಲಿಲ್ಲ. ಪುಸ್ತಕ ಮುಗಿಸಿ ಕಳಿಸಿದೆ.

ವಾರದ ಮೇಲೆ ಪ್ರಕಾಶಕರ ಫೋನು ಬಂತು. ಒಳ್ಳೆಯ ಮನುಷ್ಯ, ಬಯ್ಯುವಾಗಲೂ ಚಹಾ ಆಯಿತೇ ಎಂದು ಕೇಳುವವರು.

"ಅಕ್ಕಾರ, ಚಹಾ ಆತೇನ್ರಿ? ಒಂದ ಸಣ್ಣ ಮಾತು. ಮೊದಲನೇ ಪುಟದಾಗ ಮಾಸ್ತರರು ತಮ್ಮ ಮನಿಯವರನ್ನ ನೆನಿಸ್ಯಾರಲ್ಲ..."

ಆ ಸಾಲು ನನಗೆ ಬಾಯಿಪಾಠವಿತ್ತು. ಬದುಕಿನುದ್ದಕ್ಕೂ ಜೊತೆಗಿದ್ದ ಧರ್ಮಪತ್ನಿಗೆ ನಾನು ಸದಾ ಕೃತಜ್ಞ.

"ಹೌದ್ರಿ. ಕೃತಜ್ಞ ಅಂದಾರ."

"ಕೃತಘ್ನ ಅಂತ ಅದ ಅಕ್ಕಾರ."

ನಮ್ಮ ನಾಲಿಗೆಯಲ್ಲಿ ಕೃತಜ್ಞನೂ ಕೃತಘ್ನನೂ ಎಷ್ಟು ಹತ್ತಿರ ಎನ್ನುವುದನ್ನು ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿರಿ. 'ಜ್ಞ'ವನ್ನು ನಾವು 'ಗ್ನ' ಎಂದೇ ಅನ್ನುತ್ತೇವೆ, ಮಹಾಪ್ರಾಣಕ್ಕೆ ಉಸಿರು ಖರ್ಚು ಮಾಡುವವರು ಯಾರು? ಉಪಕಾರ ನೆನೆಯುವವನಿಗೂ ಉಪಕಾರ ಮರೆತವನಿಗೂ ಕಿವಿಯಲ್ಲಿ ಕೂದಲೆಳೆಯಷ್ಟೇ ಅಂತರ. ನೆಗಡಿ ಹಿಡಿದ ನನ್ನ ಯಂತ್ರದ ಬಾಯಲ್ಲಿ ಅದೂ ಇರಲಿಲ್ಲ. ಅಕ್ಷರ ಬಿಡಿಸಿ ಕೇಳಿದ್ದರೆ ಒಂದು ಗಳಿಗೆಯಲ್ಲಿ ಸಿಕ್ಕಿಬೀಳುತ್ತಿದ್ದ ತಪ್ಪು ಅದು. ಟೈಪು ಮಾಡಿದವರ ಕೈತಪ್ಪು, ನನ್ನ ಮುಂದೆಯೇ ಹಾದು ಹೋಗಿತ್ತು.

"ಅಚ್ಚಿಗೆ ಹೋಗೋಕಿಂತ ಮೊದಲ ಅವರ ಮನಿಯವರ ಕಣ್ಣಿಗೆ ಬಿತ್ತು," ಎಂದರು ಪ್ರಕಾಶಕರು. "ಆ ತಾಯಿ ಏನಂದ್ರು ಗೊತ್ತದ ಏನ್ರಿ? 'ಇದ ಖರೇ ಅದ, ತಿದ್ದಬ್ಯಾಡ್ರಿ' ಅಂದ್ರಂತ."

ಅವರೂ ನಕ್ಕರು, ನಾನೂ ನಕ್ಕೆ. ನಗು ಮುಗಿದ ಮೇಲೆ ಅವರು ಮೆಲ್ಲಗೆ, "ಇನ್ನೂ ಹತ್ತಿಪ್ಪತ್ತು ಸಿಕ್ಕಾವ್ರಿ. ಸ್ವಲ್ಪ ದಿನಾ ಆರಾಮ ಮಾಡ್ರಿ ಅಕ್ಕಾರ. ಮುಂದಿಂದು ಬ್ಯಾರೆಯವರ ಕಡೆ ಕೊಟ್ಟು ನೋಡತೇನಿ," ಎಂದರು.

ಆರಾಮ ಮಾಡಿರಿ ಎನ್ನುವುದು ಎಷ್ಟು ಸಭ್ಯವಾದ ಮಾತು! ಫೋನಿಟ್ಟು ಕೂತೆ. ಅಕ್ಷರ ಕಾಣದಾದ ದಿನವೂ ಇಷ್ಟು ಕತ್ತಲೆ ಅನಿಸಿರಲಿಲ್ಲ, ಏಕೆಂದರೆ ಆವತ್ತು ಕೈಯಲ್ಲಿ ಕೆಲಸವಿತ್ತು. ಇವರು ಬಂದು ಪಕ್ಕದಲ್ಲಿ ಕೂತರು. ವಿಷಯ ಕೇಳಿದರು. ಎದ್ದು ಹೋಗಿ ಲವಂಗದ ಡಬ್ಬಿ ತಂದರು.

"ಫೋನ ಹಚ್ಚು. ಮುಂದಿನ ಪುಸ್ತಕ ಕಳಸ್ರಿ ಅನ್ನು. ಮೊದಲಿನಂಗ ನಾ ಓದತೇನಿ."

ಫೋನು ಹಚ್ಚಿದೆ. ಪ್ರಕಾಶಕರು ಒಪ್ಪಿದರು, ಇನ್ನೊಂದು ಸಲ ನೋಡೋಣ ಎಂದರು. ಇವರು ಓದಿದರು. ಮತ್ತೆ ಸಂಜೆಗಳು, ಮತ್ತೆ ಶಂಖದ ಶ. ಮೂಲೆಯಲ್ಲಿ ನಾಲ್ಕು ಕೋರಿನ ಪೆಟ್ಟಿಗೆ ಸದ್ದಿಲ್ಲದೆ ಕೂತಿತ್ತು. ಸದ್ದಿಲ್ಲದಿರುವುದೇ ಅದರ ದೊಡ್ಡ ಗುಣವೆಂದು ನಾನೇ ಮೆಚ್ಚಿದ್ದೆನಲ್ಲ.

ಹೀಗಿರುವಾಗ ಬೆಂಗೇರಿಯ ಗೆಳೆಯರು ಒಂದು ಭಾನುವಾರ ಮತ್ತೆ ಬಂದರು. ಈ ಸಲ ನಾನೂ ಹೊರಗೆ ಬಂದು ಕೂತೆ. ಅಂಗಡಿಯ ಪರೀಕ್ಷೆ, ಠೇಕಾ, ಸಮ್ಮಿಗೆ ಕೀಲಿ ಒತ್ತಿದ್ದು, ಎಲ್ಲ ಹೇಳಿದೆ. ಹೇಳುವಾಗ ನನಗೆ ಹೆಮ್ಮೆಯೇ ಇತ್ತು. ಅವರು ನಡುವೆಯೇ ತಡೆದರು.

"ತಡೀರಿ ವೈನಿ. ಠೇಕಾ ಹಿಡದಂವಾ ಯಾರು?"

"ಇವರ."

"ಇಂವಾ?" ಎಂದವರೇ ತೊಡೆ ಬಡಿದುಕೊಂಡು ನಗಲು ಶುರು ಮಾಡಿದರು. ನಗು ನಿಲ್ಲಲು ನೀರು ಕುಡಿಯಬೇಕಾಯಿತು. "ಇವನ ಕೈಯಾಗ ತಾಳಾ ಕೊಟ್ಟು ಮಷೀನ್ ಅಳದ್ರೇನು! ಅಲ್ರಿ ವೈನಿ, ಇವನ ಲಯಾ ಏರೋದು ಇಡೀ ಧಾರವಾಡಕ್ಕ ಗೊತ್ತದ. ಶುರು ಮಾಡೋವಾಗ ಎತ್ತಿನ ಚಕ್ಕಡಿ, ಮುಗಸೋವಾಗ ನಾನ್‌ಸ್ಟಾಪ್ ಬಸ್ಸು. ಇವನ ಹಿಂದ ಓಡಿ ಓಡಿ ನನ್ನ ಪೇಟಿಗೆ ದಮ್ಮ ಹತ್ತೇದ."

ಇವರು, "ಹಂಗೇನಿಲ್ಲ" ಎಂದರು. ಆ ದನಿಯಲ್ಲೇ ಹೌದು ಎನ್ನುವುದಿತ್ತು.

ನನಗೆ ಅಂಗಡಿಯ ಆ ಹೊತ್ತು ಮತ್ತೆ ಕೇಳಿಸಿತು. ನಾಲ್ಕರದನ್ನು ಅಳೆದಾಗ ಇವರು ಆಗತಾನೇ ಕೂತು, ಸಾವಕಾಶ ಠೇಕಾ ಹಿಡಿದಿದ್ದರು. ಆ ಉದ್ದನೆಯ ಮಾತ್ರೆಯೊಳಗೆ ಅದರ ತಡವೆಲ್ಲ ಅಡಗಿಹೋಗಿತ್ತು. ಎರಡರದರ ಸರದಿ ಬರುವಷ್ಟರಲ್ಲಿ ಚಹಾ ಆಗಿತ್ತು, ಮಂದಿ ಕೂಡಿದ್ದರು, ಹುಮ್ಮಸ್ಸು ಬಂದಿತ್ತು, ಲಯ ದುಪ್ಪಟ್ಟಾಗಿತ್ತು. ಅಷ್ಟು ಸಣ್ಣ ಮಾತ್ರೆಗೂ ಎರಡರದು ಸರಿಯಾಗಿ ಸಿಕ್ಕಿತ್ತೆಂದರೆ ಅದೇ ಚುರುಕು. ನನ್ನ ಕಿವಿ ಹೋಗಿರಲಿಲ್ಲ, ಇವರ ಲಯ ಏರಿತ್ತು! ಸಿಟ್ಟು ಬಂತು, ಅದಕ್ಕಿಂತ ಮೊದಲು ಅಳು ಬಂತು, ಅಳುತ್ತಲೇ ನಕ್ಕೆ. ಮೂವರೂ ಎಷ್ಟು ನಕ್ಕೆವೆಂದರೆ ಪಕ್ಕದ ಮನೆಯವರು ಬಂದು ಏನಾಯಿತೆಂದು ಕೇಳಿದರು.

ಒಟ್ಟು ಅಂಕದ ಗುಟ್ಟು ಕೂಡ ಆಗಲೇ ಹೊಳೆಯಿತು. ಮದುವೆ ಮನೆಗೆ ಬುಟ್ಟಿಗಟ್ಟಲೆ ರೊಟ್ಟಿ ಬೇಕೆಂದರೆ ನಾಲ್ಕು ಮಂದಿ ಬಡಿಯುವವರು ಇರುವುದೇ ಒಳ್ಳೆಯದು, ಕೈ ಸ್ವಲ್ಪ ನಿಧಾನವಿದ್ದರೂ ನಡೆಯುತ್ತದೆ. ನನಗೆ ಬೇಕಾದದ್ದು ಒಂದೇ ರೊಟ್ಟಿ, ಬಿಸಿಯದು, ಈಗಿಂದೀಗ. ಒಂದು ರೊಟ್ಟಿಯನ್ನು ನಾಲ್ಕು ಮಂದಿ ಕೂಡಿ ಬಡಿಯಲು ಬರುವುದಿಲ್ಲ. ಕೈ ಚುರುಕಿದ್ದ ಒಬ್ಬಳು ಸಾಕು. ಒಂದೊಂದೇ ಅಕ್ಷರ ಕೇಳುತ್ತ ಹೋಗುವ ನನ್ನ ಕೆಲಸಕ್ಕೆ, ಆ ಕೋಷ್ಟಕದಲ್ಲಿ ಒಂದೇ ಕೋರಿನ ಅಂಕ ಎಂಬ ಸಾಲನ್ನೇ ಕೇಳಬೇಕಿತ್ತು. ನಾಲ್ಕರದು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಯಾವುದೋ ಅಂಗಡಿಯ ಲೆಕ್ಕಕ್ಕೆ, ಮಕ್ಕಳ ಪಾಠಕ್ಕೆ, ಲೈಟು ಹೋಗುವ ಊರಿಗೆ ಅದು ಬಂಗಾರದಂಥ ಪೆಟ್ಟಿಗೆ.

ಮರುದಿನ ಅದನ್ನು ಹೊತ್ತುಕೊಂಡು ಅಂಗಡಿಗೆ ಹೋದೆವು. ನಾವು ಕೊಂಡು ಎಷ್ಟೋ ದಿನಗಳಾಗಿದ್ದವು, ಎರಡರದು ಉಳಿದಿರುತ್ತದೆಂಬ ಭರವಸೆ ನನಗಿರಲಿಲ್ಲ.

"ಐತ್ರಿ," ಎಂದರು ಭಾಯಿ. "ಫ್ಯಾನಿನ ಸಪ್ಪಳಾ ಕೇಳಿ ಯಾರೂ ಒಯ್ಯಲಿಲ್ರಿ."

ಈ ಸಲ ನಾನು ಇವರನ್ನು ಬಾಗಿಲಲ್ಲಿ ಕೂರಿಸಿದೆ. ಮನೆಯಿಂದ ಇನ್ನೊಂದು ಸ್ಪೀಕರು, ಇನ್ನೊಂದು ಕೀಲಿಮಣೆ ಒಯ್ದಿದ್ದೆ. ಎರಡೂ ಪೆಟ್ಟಿಗೆಗಳನ್ನು ಪಕ್ಕಪಕ್ಕ ಇಟ್ಟು, ಎರಡರಲ್ಲೂ ಅದೇ ದೊಡ್ಡ ಕಡತ ತೆರೆಸಿ, ಎಡಗೈ ಒಂದರ ಮೇಲೆ, ಬಲಗೈ ಇನ್ನೊಂದರ ಮೇಲೆ ಇಟ್ಟು, ಎರಡನ್ನೂ ಒಟ್ಟಿಗೆ ಒತ್ತಿದೆ. ಎರಡರದು ಒಡನೆಯೇ "ಕ" ಎಂದಿತು. ನಾಲ್ಕರದು, ಹಿಂದಿನ ಬೆಂಚಿನ ಹುಡುಗ ಮುಂದಿನವನನ್ನು ನೋಡಿ ಹೇಳಿದ ಹಾಗೆ, ಆಮೇಲೆ "ಕ" ಎಂದಿತು. ಮತ್ತೆ ಒತ್ತಿದೆ. ಮತ್ತೆ ಹಾಗೆಯೇ. ತಾಳವೂ ಬೇಕಿರಲಿಲ್ಲ, ಕೋಷ್ಟಕವೂ ಬೇಕಿರಲಿಲ್ಲ.

"ಕೇಳಿದ್ರೇನ್ರಿ ಭಾಯಿ?"

"ಕೇಳಿಸ್ತ್ರಿ ಅಕ್ಕಾರ. ನಾ ಇಷ್ಟು ವರ್ಷ ಮಷೀನ್ ಮಾರೇನಿ, ಕೇಳಿ ತೊಗೊಳ್ಳೋರು ನೀವ ಮೊದಲ್ನೇದವರು. ನನ್ನ ಲೆಕ್ಕಾನೂ ತಪ್ಪೇತಿ. ನಾಲ್ಕು ಎರಡಕ್ಕಿಂತ ಜಾಸ್ತಿ ಅಂತ ಹೇಳಿ ಕೊಟ್ಟಂವಾ ನಾನ ಅಲ್ಲೇನ್ರಿ."

ಬದಲಿಸಿ ಕೊಡಬೇಕಾದ ಹಂಗು ಅವರಿಗಿರಲಿಲ್ಲ. ತಪ್ಪು ಅಳೆದವರು ನಾವು. ಆದರೂ ಒಂದು ಮಾತಿಲ್ಲದೆ ಬದಲಿಸಿದರು, ನನ್ನ ಕಡತಗಳನ್ನೆಲ್ಲ ಅದಕ್ಕೆ ಹಾಕಿಕೊಟ್ಟರು. ಫ್ಯಾನು ಬಿಚ್ಚಿ ಧೂಳು ತೆಗೆದು, ಒಂದು ಹನಿ ಎಣ್ಣೆ ಬಿಟ್ಟು, ಪೆಟ್ಟಿಗೆಯ ಕೆಳಗೆ ಸ್ಕೂಟರಿನ ಹಳೆಯ ಟ್ಯೂಬು ಕತ್ತರಿಸಿ ನಾಲ್ಕು ಕಡೆ ಅಂಟಿಸಿದರು. "ನೆಲಕ್ಕ ನಡುಗಂಗಿಲ್ರಿ ಈಗ, ಸಪ್ಪಳಾ ಅರ್ಧಾ ಕಡಿಮಿ ಆಕ್ಕೈತಿ." ಆಯಿತು ಕೂಡ. ಗುಂಯ್ ಎನ್ನುವುದು ಈಗ ಪಕ್ಕದ ಮನೆಯ ಗಿರಣಿಯಷ್ಟು ದೂರದಲ್ಲಿದೆ. ಆ ಮನುಷ್ಯನ ಕೈ ಎಂದೂ ಖಾಲಿ ಇರದಿರಲಿ.

ಮುಂದಿನ ಪುಸ್ತಕವನ್ನು ಎರಡರದರ ಮೇಲೆ ಶುರು ಮಾಡಿದೆ. ಬಾಣದ ಕೀಲಿ ಒತ್ತಿದರೆ ಬೆರಳು ಏಳುವ ಮೊದಲೇ ಅಕ್ಷರ ಕಿವಿಯಲ್ಲಿ. ಬರುಬರುತ್ತ ಅದರ ದನಿಯ ವೇಗ ಏರಿಸಿದೆ, ಇವರಿಗೆ ಅರ್ಥವಾಗದಷ್ಟು. "ಇದೇನ ಅನ್ನಾಕತ್ತದ, ಮಂತ್ರ ಹೇಳಿದಂಗ," ಎಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ನಾನು ಪುಟದ ಮೇಲೆ ಪುಟ ದಾಟುತ್ತಿದ್ದೆ. ಒತ್ತಕ್ಷರಗಳು, ಮಹಾಪ್ರಾಣಗಳು, ಎರಡು ಸಲ ಬಿದ್ದ ಪೂರ್ಣವಿರಾಮಗಳು, ಎಲ್ಲ ಒಂದೊಂದಾಗಿ ಕೈಗೆ ಸಿಗತೊಡಗಿದವು. ಕಣ್ಣಿದ್ದಾಗ ಓದಿದಂತೆಯೇ ಓದುತ್ತಿದ್ದೇನೆ ಎಂದು ಒಮ್ಮೆ ಅನಿಸಿ, ಕೈ ತೆಗೆದು ಸುಮ್ಮನೆ ಕೂತೆ. ಎಷ್ಟು ಮಂದಿ ಸೇರಿ ನನ್ನನ್ನು ಆ ಕುರ್ಚಿಯ ಮೇಲೆ ಕೂರಿಸಿದ್ದರು. ಪ್ರಕಾಶಕರು ಆ ಪುಸ್ತಕ ನೋಡಿ, ಚಹಾದ ಮಾತೂ ಕೇಳದೆ, ಮುಂದಿನ ಎರಡನ್ನು ಒಟ್ಟಿಗೇ ಕಳಿಸಿದರು.

ಆ ಗುರುವಾರ ಇವರು ತಬಲಾದ ಚೀಲ ಹೊರತೆಗೆದರು. ಮಧ್ಯಾಹ್ನವಿಡೀ ಒರೆಸುವುದು, ಸಣ್ಣ ಸುತ್ತಿಗೆಯಿಂದ ತಟ್ಟಿ ಸ್ವರ ಕೂಡಿಸುವುದು ನಡೆಯಿತು. ಹೊರಡುವ ಹೊತ್ತಿಗೆ ಮಾತ್ರ ಬಾಗಿಲಲ್ಲಿ ನಿಂತುಬಿಟ್ಟರು.

"ನೀ ಒಬ್ಬಾಕಿನ ಇರ್ತಿ ಅಲ್ಲ? ಬ್ಯಾಡ ಬಿಡು, ಮುಂದಿನ ವಾರ ನೋಡೂಣು."

"ಹೋಗ್ರಿ. ಪೇಟಿ ಕಾಯಾಕತ್ತದ."

"ಏನರ ಬೇಕಾದ್ರ ಫೋನ್ ಹಚ್ಚು. ಸೀದಾ ಬರತೇನಿ."

ಸ್ಕೂಟರ್ ಹೋಯಿತು. ನಾನು ಕೀಲಿಮಣೆಯ ಮುಂದೆ ಕೂತೆ. ಕಣ್ಣು ಹೋದಾಗಿನಿಂದ ಇವರು ಹೊರಗೆ ಹೋದರೆ ನನ್ನ ಅರ್ಧ ಜೀವ ಬೀದಿಯಲ್ಲೇ ಇರುತ್ತದೆ. ತಿರುವಿನಲ್ಲಿ ಸ್ಕೂಟರು ಸದ್ದು ಇಳಿಸುವುದು, ಗೇಟಿನ ಕೊಂಡಿ, ಮೆಟ್ಟಿಲ ಮೇಲೆ ಚಪ್ಪಲಿ ಬಿಡುವುದು, ಇಷ್ಟನ್ನೂ ಕಾದು ಕೇಳಿಸಿಕೊಂಡ ಮೇಲೆಯೇ ನಾನು ಉಸಿರು ಬಿಡುವುದು. ಆವತ್ತು ಒಂದು ಅಧ್ಯಾಯ ತುಂಬ ಗೋಜಲಾಗಿತ್ತು. ಒಂದೇ ಹೆಸರನ್ನು ಲೇಖಕರು ಮೂರು ರೀತಿ ಬರೆದಿದ್ದರು. ಅದರ ಬೆನ್ನು ಹತ್ತಿದೆ, ಒಂದೊಂದನ್ನೂ ಹುಡುಕಿ ತಿದ್ದುತ್ತ ಹೋದೆ.

ಭುಜದ ಮೇಲೆ ಕೈ ಬಿತ್ತು. ಬೆಚ್ಚಿಬಿದ್ದೆ.

"ನಾನ ಅದೇನಿ, ನಾನ," ಎಂದರು ಇವರು. "ಬಂದು ಎಷ್ಟೋ ಹೊತ್ತಾತು. ಗೇಟ್ ತಗದದ್ದು ಕೇಳಲಿಲ್ಲೇನ?"

"ಇಲ್ರಿ."

"ಸ್ಕೂಟರ್ ಬಂದದ್ದು?"

"ಅದೂ ಕೇಳಲಿಲ್ಲ. ನಾ ಕೆಲಸದಾಗ ಇದ್ನಿ."

ಇವರು ಕೈಯನ್ನು ನನ್ನ ಭುಜದ ಮೇಲೆ ಹಾಗೆಯೇ ಇಟ್ಟುಕೊಂಡು, ನಾನು ಆ ಪುಟ ಮುಗಿಸುವವರೆಗೆ ನಿಂತಿದ್ದರು.